ಮೈಸೆಲ್ಫ್ ಅಂದ್ರೆ ಅಷ್ಟೊಂದು ನಗೋದ್ಯಾಕ್ರಿ?

ಹೋದ ವಾರ ಕುಕನೂರು ಕಡೆಯ ಒಬ್ಬ ಹುಡುಗ ಅಂಗಡಿಗೆ ಬಂದಿದ್ದ. ನನ್ನದು ಕೊಪ್ಪಳದಲ್ಲಿ ಒಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಐಟಿಐ ಮುಗಿಸಿದ ಹುಡುಗ, ವೆಲ್ಡಿಂಗ್ ಚೆನ್ನಾಗಿ ಬರುತ್ತದೆ. ಒಂದು ಕಾರ್ಖಾನೆಯ ಇಂಟರ್‌ವ್ಯೂಗೆ ನನ್ನ ಹತ್ತಿರವೇ ಬಯೋಡೇಟಾ ಮಾಡಿಸಿಕೊಂಡು ಹೋಗಿದ್ದ. ಏನಾಯ್ತಪ್ಪಾ ಅಂದೆ. ಮುಖ ಸಣ್ಣದು ಮಾಡಿಕೊಂಡು, "ಹೆಸರು ಹೇಳಿದ್ ಕೂಡ್ಲೆ ಒಬ್ರ ಮಾರಿ ಒಬ್ರು ನೋಡಿ ನಕ್ರೀ ಅಕ್ಕಾರ. ನಾ ಏನ್ ತಪ್ಪ್ ಮಾತಾಡಿದ್ನೋ ಗೊತ್ತಾಗ್ಲಿಲ್ರಿ" ಅಂದ.

ಅಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳು ಅಂದೆ. ಎದ್ದು ನಿಂತ, ಅಂಗಿ ಸರಿ ಮಾಡಿಕೊಂಡ, "ಮೈಸೆಲ್ಫ್..." ಅಂತ ಶುರು ಮಾಡಿ ತನ್ನ ಹೆಸರು ಹೇಳಿದ. ಸರಿ, ಗೊತ್ತಾಯ್ತು ಬಿಡು ಅಂದೆ.

ಇದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. 'ಐ ಆಮ್ ಬಸವರಾಜ' ಅನ್ನಬೇಕು, ಇಲ್ಲ 'ಮೈ ನೇಮ್ ಈಸ್ ಬಸವರಾಜ' ಅನ್ನಬೇಕು. ಮೈಸೆಲ್ಫ್ ಅನ್ನೋ ಪದ ವಾಕ್ಯದ ಯಜಮಾನ ಆಗಿ ಒಂದೇ ನಿಲ್ಲೋದಿಲ್ಲ. ಮುಂದೆ ಒಂದು 'ಐ' ಇರಬೇಕು, ಆಮೇಲೆ ಇದು ಬರಬೇಕು. ಇಷ್ಟು ಹೇಳೋಕೆ ಅರ್ಧ ನಿಮಿಷ ಸಾಕು. ಆ ನಕ್ಕವರು ಆ ಅರ್ಧ ನಿಮಿಷ ಕೊಡಲಿಲ್ಲ, ಅದೇ ನನಗೆ ಸಿಟ್ಟು. ಅವರು ವೆಲ್ಡಿಂಗ್ ಮಾಡುವವನನ್ನು ಹುಡುಕುತ್ತಿದ್ದರೋ ವ್ಯಾಕರಣದ ಮೇಷ್ಟ್ರನ್ನೋ?

ಈ ಮೈಸೆಲ್ಫ್ ನಮ್ಮ ಬಾಯಿಗೆ ಯಾಕೆ ಬರುತ್ತದೆ ಅಂತ ನಾನು ಬಹಳ ಯೋಚನೆ ಮಾಡಿದ್ದೇನೆ. ದಿನಕ್ಕೆ ಹತ್ತಾರು ಅರ್ಜಿ, ಲೀವ್ ಲೆಟರ್ ಟೈಪ್ ಮಾಡೋಳು ನಾನು, ಬೇರೆ ಏನು ಯೋಚಿಸಲಿ. ಕನ್ನಡದಲ್ಲಿ 'ನಾನು ಬಸವರಾಜ' ಅಂದರೆ ಮುಗೀತು, ನಡುವೆ 'ಆಮ್' ಅನ್ನೋ ಕೊಂಡಿ ಬೇಕಿಲ್ಲ. ಅದನ್ನೇ ಇಂಗ್ಲಿಷಿಗೆ ಹಾಕಿದರೆ 'ಐ ಬಸವರಾಜ' ಆಗುತ್ತದೆ. ಅದು ಸರಿಯಿಲ್ಲ ಅಂತ ಎಂಥವರ ಕಿವಿಗೂ ಗೊತ್ತಾಗುತ್ತದೆ. ಆ ಒಂದಕ್ಷರದ 'ಐ' ದೊಡ್ಡವರ ಮುಂದೆ ಬರಿಗಾಲಲ್ಲಿ ನಿಂತ ಹಾಗೆ ಕಾಣುತ್ತದೆ. ಮೈಸೆಲ್ಫ್ ಅಂದ್ರೆ ಸ್ವಲ್ಪ ತೂಕ ಇದೆ, ಮರ್ಯಾದೆ ಇದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಹಾಗೆ. ಇದು ನನ್ನ ಊಹೆ. ಆದರೆ ಈ ಊಹೆಗೆ ಕನ್ನಡದಲ್ಲೇ ಒಂದು ಸಾಕ್ಷಿ ಇದೆ.

'ತಾವು ಯಾರು? ತಮ್ಮ ಹೆಸರೇನು?' ಅಂತೀವಲ್ವಾ. ಈ 'ತಾವು' ಯಾವುದು? 'ತಾನು' ಅನ್ನೋದರ ಬಹುವಚನ. ತಾನು ಕಳ್ಳ ಪರರ ನಂಬ ಅಂತೀವಲ್ಲ, ಅದೇ ತಾನು. ಇಂಗ್ಲಿಷಿನವರು ಹಿಮ್‌ಸೆಲ್ಫ್ ಹಾಕುವ ಕಡೆ ನಾವು ಬಹಳ ಸಲ ಹಾಕೋದು ಇದನ್ನೇ. ಅದನ್ನು ಮರ್ಯಾದೆಗೆ ಅಂತ ಎತ್ತಿ ಎದುರಿಗಿದ್ದವರ ಮುಂದೆ ಇಟ್ಟಿದ್ದೇವೆ. ಹಾಗೆ ನೋಡಿದರೆ ಕನ್ನಡದಲ್ಲಿ ಯುವರ್‌ಸೆಲ್ಫ್ ಯಾರು ಅಂತ ಕೇಳೋದೇ ದೊಡ್ಡ ಮರ್ಯಾದೆ. ಇನ್ನು ಐರ್ಲೆಂಡಿನ ಇಂಗ್ಲಿಷಿನಲ್ಲಿ ಮನೆ ಯಜಮಾನನನ್ನೋ ಆಫೀಸಿನ ಸಾಹೇಬರನ್ನೋ ಬರೀ 'ಹಿಮ್‌ಸೆಲ್ಫ್' ಅಂತ ಕರೆಯೋ ರೂಢಿ ಇದೆ. ಹಿಮ್‌ಸೆಲ್ಫ್ ಮನೆಯಲ್ಲಿದ್ದಾರಾ ಅಂತ ಕೇಳ್ತಾರೆ. ಅಲ್ಲಿ ಯಾರೂ ನಗೋದಿಲ್ಲ.

ಬರೀ ನಮ್ಮ ಕಡೆಯವರ ತಪ್ಪೂ ಅಲ್ಲ ಇದು. 'ಪ್ಲೀಸ್ ಕಾಂಟ್ಯಾಕ್ಟ್ ಮೈಸೆಲ್ಫ್' ಅಂತ ಸೂಟು ಬೂಟಿನವರು ಮೇಲ್ ಹಾಕ್ತಾರೆ. ಇಂಗ್ಲಿಷ್ ಮನೆಮಾತಿನವರೂ ಹಾಕ್ತಾರೆ. ಅಲ್ಲಿ 'ಮಿ' ಸಾಕು. ಮಾಡುವವಳೂ ನಾನೇ, ಆ ಕೆಲಸ ಬಂದು ಬೀಳೋದೂ ನನ್ನ ಮೇಲೇ ಆಗಿದ್ದರೆ ಮೈಸೆಲ್ಫ್ ಬರುತ್ತದೆ. ಲ್ಯಾಮಿನೇಷನ್ ಹಾಳೆ ಕತ್ತರಿಸುವಾಗ ಬೆರಳು ಕೊಯ್ದುಕೊಂಡೆ ಅನ್ನಿ, 'ಐ ಕಟ್ ಮೈಸೆಲ್ಫ್'. ಕತ್ತರಿ ಹಿಡಿದವಳೂ ನಾನು, ರಕ್ತ ಬಂದದ್ದೂ ನನಗೇ. ನೀವು ನನಗೆ ಫೋನ್ ಮಾಡಿದರೆ ಅದರಲ್ಲಿ ಮೈಸೆಲ್ಫ್‌ಗೆ ಏನು ಕೆಲಸ?

ಈಗ 'ಕೊಯ್ದೆ', 'ಕೊಯ್ದುಕೊಂಡೆ' ನೋಡಿ. ಆ 'ಕೊಂಡೆ' ಅನ್ನೋದರಲ್ಲೇ ನಮ್ಮ ಸೆಲ್ಫ್ ಇದೆ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲಿ ಕೂತಿರುತ್ತದೆ, ಇಂಗ್ಲಿಷಿನಲ್ಲಿ ಬೇರೆ ಪದವಾಗಿ ನಿಲ್ಲುತ್ತದೆ. ಅದಕ್ಕೇ ನಮ್ಮವರು ಬೇಕಾದ ಕಡೆ ಅದನ್ನು ಮರೆಯುತ್ತಾರೆ. ಅಂಜನಾದ್ರಿ ಹತ್ತಿ ಬಂದು 'ವಿ ಎಂಜಾಯ್ಡ್ ಅ ಲಾಟ್' ಅಂತ ಸ್ಟೇಟಸ್ ಹಾಕ್ತಾರೆ. ಏನನ್ನು ಎಂಜಾಯ್ ಮಾಡಿದಿರಿ ಅನ್ನೋದು ಬೇಕು, ಇಲ್ಲ ಅಂದ್ರೆ 'ಅವರ್‌ಸೆಲ್ವ್ಸ್' ಆದರೂ ಬೇಕು. ಬೈಕಿಂದ ಬಿದ್ದವರು 'ಐ ಹರ್ಟ್ ಇನ್ ಬೈಕ್' ಅಂತ ಲೀವ್ ಲೆಟರ್ ಬರೆಸ್ತಾರೆ, ನಾನು ಸುಮ್ನೆ ಒಂದು ಮೈಸೆಲ್ಫ್ ಸೇರಿಸ್ತೇನೆ.

ಹಾಗಂತ 'ಕೊಂಡ' ಕಂಡಲ್ಲೆಲ್ಲ ಸೆಲ್ಫ್ ಹಾಕೋಕೆ ಹೋಗಬೇಡಿ. ಕೂತುಕೊಂಡ, ಮಲಗಿಕೊಂಡ, ಕಲಿತುಕೊಂಡ, ಇದ್ಯಾವುದಕ್ಕೂ ಬೇಡ. 'ಮದುವೆ ಮಾಡಿಕೊಂಡ' ಅನ್ನೋದಕ್ಕೆ 'ಹಿ ಮ್ಯಾರೀಡ್ ಹಿಮ್‌ಸೆಲ್ಫ್' ಅಂತ ಬರೆದರೆ ವರನೂ ಅವನೇ, ವಧುನೂ ಅವನೇ. ಅಕ್ಕಿಕಾಳಿಗೆ ಕೂತ ಮಂದಿ ಏನನ್ಕೋಬೇಕು?

ಸೆಲ್ಫ್‌ಗೆ ಇನ್ನೊಂದು ಕೆಲಸ ಇದೆ, ಒತ್ತಿ ಹೇಳೋದು. ಕನ್ನಡದಲ್ಲಿ ಅದಕ್ಕೆ 'ನಾನೇ' ಅಂತ ಒಂದು ಏಕಾರ ಸಾಕು, ನಮ್ಮ ಕಡೆ ಮಾತಲ್ಲಿ 'ನಾನಾ ಮಾಡೀನ್ರಿ' ಅಂತ ಅದೂ ಆಕಾರ ಆಗಿರುತ್ತದೆ. ಇಂಗ್ಲಿಷಿನಲ್ಲಿ 'ಐ ಮೈಸೆಲ್ಫ್ ಡಿಡ್ ಇಟ್'. ನಾನೊಬ್ಬಳೇ ಮಾಡಿದೆ ಅಂದರೆ 'ಬೈ ಮೈಸೆಲ್ಫ್'. ಈ ಎರಡು ಕನ್ನಡದ ಜೊತೆಗಿಟ್ಟು ಹೇಳಿದ ತಕ್ಷಣ ಆ ಹುಡುಗನಿಗೆ ಹತ್ತಿಬಿಟ್ಟಿತು. ಸೆಲ್ಫ್ ಹಚ್ಚಿದ್ದಕ್ಕೆ ರಿಫ್ಲೆಕ್ಸಿವ್ ಪ್ರೊನೌನ್ ಅಂತಾರೆ ಅಂದಾಗ ಮಾತ್ರ ಅವನ ಕಣ್ಣು ಗೋಡೆ ಮೇಲಿನ ಕ್ಯಾಲೆಂಡರಿಗೆ ಹೋಯಿತು.

ನನ್ನ ಕತೆ ಹೇಳ್ತೀನಿ. ಡಿಗ್ರಿ ಓದುವಾಗ ಬೆಂಗಳೂರಲ್ಲಿ ಹಾಸ್ಟೆಲ್‌ನಲ್ಲಿದ್ದೆ. ಅಲ್ಲಿ ವಾರ್ಡನ್ ಹತ್ತಿರ ಇಂಗ್ಲಿಷಿನಲ್ಲೇ ಮಾತಾಡಬೇಕು ಅನ್ನೋ ನಿಯಮ. ಅಪ್ಪ ನೋಡೋಕೆ ಬರ್ತಾರೆ ಅಂತ, 'ಮೈ ಫಾದರ್ ಈಸ್ ಕಮಿಂಗ್, ದೇ ವಿಲ್ ರೀಚ್ ಅಟ್ ಸಿಕ್ಸ್' ಅಂದೆ. ಅವರು ಪೆನ್ ಹಿಡಿದುಕೊಂಡು 'ಹೌ ಮೆನಿ ಪೀಪಲ್?' ಅಂದರು. ಒಬ್ಬರೇ ಅಂದೆ. 'ದೆನ್ ಹೂ ಈಸ್ ದೇ?' ನನಗೆ ಬೆವರು. ಅಪ್ಪನಿಗೆ 'ಹಿ' ಅನ್ನೋಕೆ ನಾಲಿಗೆ ತಿರುಗಲೇ ಇಲ್ಲ, 'ಅವನು' ಅಂದ ಹಾಗೆ ಆಗುತ್ತಲ್ಲ. ಮಜಾ ಅಂದ್ರೆ ಅವ್ವನಿಗೆ 'ಶಿ' ಅನ್ನೋಕೆ ಯಾವತ್ತೂ ಕಷ್ಟ ಆಗಿಲ್ಲ. ನಮ್ಮನೇಲಿ ಅವ್ವ ಬಂದ್ಲು, ಅಪ್ಪಾರು ಬಂದ್ರು. ಅದೊಂದು ಬೇರೆಯದೇ ಜಗಳ, ಇವತ್ತು ಬೇಡ.

ಅದೇ ಮರ್ಯಾದೆಯ ಬಹುವಚನದ ವಿಷಯದಲ್ಲಿ ಇಂಗ್ಲಿಷಿನವರೂ ಏನು ಕಮ್ಮಿ ಇಲ್ಲ. ಅವರಲ್ಲೂ ನೀನು, ನೀವು ಇತ್ತು. 'ದೌ' ಅಂದ್ರೆ ನೀನು, 'ಯೂ' ಅಂದ್ರೆ ನೀವು. ದೊಡ್ಡವರಿಗೆ ನೀವು, ನೀವು ಅಂತ ಅಂದೂ ಅಂದೂ, 17ನೇ ಶತಮಾನದ ಹೊತ್ತಿಗೆ ಪೇಟೆ ಮಾತಿನಿಂದ ಆ 'ದೌ' ಹೆಚ್ಚುಕಮ್ಮಿ ಮಾಯವಾಯಿತು. ಕ್ವೇಕರ್ ಅನ್ನೋ ಪಂಥದವರು ಮಾತ್ರ ದೇವರ ಮುಂದೆ ಎಲ್ಲರೂ ಒಂದೇ ಅಂತ ಜಡ್ಜ್‌ಗೂ ನೀನು ಅಂದು ಬೈಸಿಕೊಂಡರು. ಈಗ ನಾಯಿಗೂ ಯೂ, ರಾಜನಿಗೂ ಯೂ. ಒಬ್ಬನೇ ಇದ್ದರೂ 'ಯೂ ಆರ್' ಅಂತಾರಲ್ಲ, 'ಯೂ ಈಸ್' ಅನ್ನಲ್ಲ. ಹಳೇ ಬಹುವಚನದ ಗುರುತು ಅದು. ಬಾಲದಲ್ಲಿ ಮಾತ್ರ ಲೆಕ್ಕ ಉಳಿದಿದೆ: ಒಬ್ಬರಿಗೆ ಯುವರ್‌ಸೆಲ್ಫ್, ಇಬ್ಬರ ಮೇಲಾದರೆ ಯುವರ್‌ಸೆಲ್ವ್ಸ್. ನಮಗೆ ಎರಡೂ 'ನೀವೇ' ಆದ್ದರಿಂದ ಮದುವೆ ಊಟಕ್ಕೆ ನೂರು ಜನ ನಿಂತಿದ್ದರೂ 'ಹೆಲ್ಪ್ ಯುವರ್‌ಸೆಲ್ಫ್' ಅಂತ ಬೋರ್ಡ್ ಬರೆಸ್ತೀವಿ.

ಇನ್ನು 'ದೇ'. ಒಬ್ಬರಿಗೇ ದೇ ಅನ್ನೋದನ್ನು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ 1375ರಷ್ಟು ಹಿಂದಿನ ಬರಹದಲ್ಲೇ ಗುರುತಿಸಿದೆ. 2019ರಲ್ಲಿ ಮೆರಿಯಮ್ ವೆಬ್‌ಸ್ಟರ್ ಡಿಕ್ಷನರಿ ಅದನ್ನೇ ವರ್ಷದ ಪದ ಅಂತ ಆರಿಸಿತು. ಯಾರು, ಗಂಡೋ ಹೆಣ್ಣೋ ಗೊತ್ತಿಲ್ಲದಾಗ 'ಸಮ್‌ವನ್ ಲೆಫ್ಟ್ ದೆರ್ ಬ್ಯಾಗ್' ಅಂತಾರೆ. ಯಾರೋ ತಮ್ಮ ಚೀಲ ಬಿಟ್ಟು ಹೋಗಿದ್ದಾರೆ ಅಂತ ನಾವು ಅನ್ನಲ್ವಾ, ಅದೇ. ಗೊತ್ತಿರೋ ಅಪ್ಪನಿಗೆ ಮಾತ್ರ ಹಾಗನ್ನಬಾರದು.

ಐ, ಮಿ ಗೊಂದಲಕ್ಕೆ ಬರ್ತೀನಿ. 'ಸರ್ ಕಾಲ್ಡ್ ಮೈ ಫ್ರೆಂಡ್ ಅಂಡ್ ಐ' ಅಂತ ಬರೆಸ್ತಾರೆ. ಯಾಕೆ ಅಂದ್ರೆ 'ಮಿ ಅಂಡ್ ಮೈ ಫ್ರೆಂಡ್ ವೆಂಟ್' ಅಂದಾಗ ಟೀಚರ್ ಒಮ್ಮೆ ಬೈದಿರ್ತಾರೆ. ಅವತ್ತಿಂದ ಮಿ ಅಂದರೇ ಹೆದರಿಕೆ, ಎಲ್ಲ ಕಡೆ ಐ. ಇಂಗ್ಲಿಷ್ ಮಕ್ಕಳಿಗೂ ಇದೇ ಪಾಡು. ಅಷ್ಟೇಕೆ, ಷೇಕ್ಸ್‌ಪಿಯರನ ಮರ್ಚೆಂಟ್ ಆಫ್ ವೆನಿಸ್‌ನಲ್ಲೇ ಒಂದು ಪತ್ರದಲ್ಲಿ 'ಬಿಟ್ವೀನ್ ಯೂ ಅಂಡ್ ಐ' ಅಂತ ಇದೆ, ಇವತ್ತಿನ ಲೆಕ್ಕದಲ್ಲಿ ಅದು ತಪ್ಪು. ಉಪಾಯ ಬಹಳ ಸುಲಭ. ಫ್ರೆಂಡನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ. 'ಸರ್ ಕಾಲ್ಡ್ ಐ' ಅಂತೀರಾ? ಇಲ್ಲ ತಾನೇ. ಅಥವಾ ಕನ್ನಡದಲ್ಲಿ ಹೇಳಿ ನೋಡಿ: 'ನಾನು' ಬಂದರೆ ಐ, 'ನನ್ನನ್ನು, ನನಗೆ' ಬಂದರೆ ಮಿ. ಇದರಲ್ಲೂ ಒಂದು ಗುಂಡಿ ಇದೆ ಅನ್ನಿ. ನನಗೆ ಗೊತ್ತು, ನನಗೆ ಬೇಕು, ನನಗೆ ಹಸಿವಾಗಿದೆ, ಇವಕ್ಕೆಲ್ಲ ಇಂಗ್ಲಿಷಿನಲ್ಲಿ ಐ. ಅವರಿಗೆ ಹಸಿವು ಬರೋದಿಲ್ಲ, ಅವರೇ ಹಸಿವು ಆಗ್ತಾರೆ.

ಎಲ್ಲದರಲ್ಲೂ ಅವರದೇ ಮೇಲು ಅಂತ ಅಂದುಕೊಳ್ಳಬೇಡಿ. ಒಂದು ಸಲ ಟ್ರ್ಯಾಕ್ಟರ್ ಡಿಕ್ಕಿಯ ಕ್ಲೇಮ್ ಅರ್ಜಿ ಇಂಗ್ಲಿಷಿನಲ್ಲಿ ಬೇಕು ಅಂತ ಇಬ್ಬರು ರೈತರು ಒಟ್ಟಿಗೇ ಬಂದರು. 'ತನ್ನ ಟ್ರ್ಯಾಕ್ಟರಿನ ಬ್ರೇಕ್ ಹಿಡಿಯಲಿಲ್ಲ ಅಂತ ಅವನು ಇವನಿಗೆ ಹೇಳಿದ' ಅಂತ ಬರೀಬೇಕು. ಕನ್ನಡದಲ್ಲಿ ಎಷ್ಟು ಸ್ವಚ್ಛ! 'ತನ್ನ' ಅಂದರೆ ಹೇಳಿದವನದ್ದೇ. ಇಂಗ್ಲಿಷಿನಲ್ಲಿ 'ಹಿ ಟೋಲ್ಡ್ ಹಿಮ್ ದಟ್ ಹಿಸ್ ಬ್ರೇಕ್...' ಅಂತ ಹೊಡೆದೆ, ನಿಲ್ಲಿಸಿದೆ. ಯಾರ ಬ್ರೇಕು? ಹೇಳಿದವನದೋ ಕೇಳಿದವನದೋ? ಹಿಮ್‌ಸೆಲ್ಫ್ ತುರುಕೋಕೆ ಅಲ್ಲಿ ಜಾಗವೇ ಇಲ್ಲ, 'ಹಿಮ್‌ಸೆಲ್ಫ್ಸ್' ಅಂತ ಪದವೇ ಇಲ್ಲ. ಕೊನೆಗೆ ಹೆಸರೇ ಮೂರು ಸಲ ಟೈಪ್ ಮಾಡಿದೆ. ಹಿಂದೆ ನಿಂತಿದ್ದ ಯಜಮಾನರು, 'ಏನವ್ವಾ, ನನ್ನ ಹೆಸರು ಅಷ್ಟು ಸಲ ಯಾಕ ಹಾಕೀಯಿ' ಅಂದರು.

ಗಂಗಾವತಿ ಕಡೆ ಕ್ಯಾಂಪಿನ, ಅಂದ್ರೆ ಆಂಧ್ರದಿಂದ ಬಂದು ನೆಲೆಸಿದವರ ಊರುಗಳ, ತೆಲುಗು ಗಿರಾಕಿಗಳೂ ಬರ್ತಾರೆ. ಅವರಿಗೆ 'ನಾವು' ಅನ್ನೋದಕ್ಕೆ ಎರಡು ಪದ. ಎದುರಿಗಿದ್ದವರನ್ನೂ ಸೇರಿಸಿಕೊಂಡರೆ ಮನಮು, ಬಿಟ್ಟು ಹೇಳಿದರೆ ಮೇಮು. ಟೀ ಕುಡಿಯೋಕೆ ಹೋಗ್ತಿದೀವಿ ಅಂದರೆ ನಮ್ಮನ್ನೂ ಕರೀತಿದಾರೋ ಇಲ್ವೋ ಅಂತ ಅಲ್ಲೇ ಗೊತ್ತಾಗುತ್ತದೆ. ಇಂಗ್ಲಿಷಿನ 'ವಿ' ಕೇಳಿ ಎದ್ದು ನಿಂತರೆ ಕೆಲವು ಸಲ ಮತ್ತೆ ಕೂರಬೇಕಾಗುತ್ತದೆ.

ಅವತ್ತು ಆ ಹುಡುಗನನ್ನು ಕೂರಿಸಿಕೊಂಡು ಇಷ್ಟೆಲ್ಲ ಹೇಳಲಿಲ್ಲ, ಅವನಿಗೆ ಬಸ್ ಇತ್ತು. ಹೆಸರು ಹೇಳೋದೊಂದನ್ನು ಹತ್ತು ಸಲ ಹೇಳಿಸಿದೆ. ಮೊದಲ ಮೂರು ಸಲ ಮೈಸೆಲ್ಫ್ ಬಂತು, ನಾಲ್ಕನೇ ಸಲ 'ಮೈ...' ಅಂತ ತಡೆದು, 'ಮೈ ನೇಮ್' ಅಂದ. ಅದೂ ಸರಿನೇ ಅಂದೆ. ಮುಂದಿನ ವಾರ ತೋರಣಗಲ್ಲು ಕಡೆ ಇನ್ನೊಂದು ಇಂಟರ್‌ವ್ಯೂ ಇದೆಯಂತೆ. ಬಯೋಡೇಟಾ ಐದು ಕಾಪಿ ತೆಗೆದು ಕೊಟ್ಟೆ. ಕೆಳಗೆ 'ಯುವರ್ಸ್ ಫೇತ್‌ಫುಲಿ' ಅನ್ನೋ ಕಡೆ ಎಸ್ ಅಕ್ಷರಕ್ಕೆ ಮುಂಚೆ ಅಪಾಸ್ಟ್ರಫಿಯ ಒಂದು ಕೊಂಬು ಇತ್ತು. ಹಿಂದಿನ ಸಲವೂ ಅದು ಹಾಗೇ ಹೋಗಿತ್ತು. ಆ ತಪ್ಪು ಅವನದ್ದಲ್ಲ, ಟೈಪ್ ಮಾಡಿದವಳು ನಾನೇ, ಐ ಮೈಸೆಲ್ಫ್.