ಎ.ಸಿ. ಹಾಲಿನಲ್ಲಿ ಬೆಲ್ಲದ ಪಾಕ

ಮಂಡ್ಯದ ಬೆಲ್ಲ ಉದ್ಧಾರ ಆಗಬೇಕಾದರೆ ಮಂಡ್ಯದವರು ಮೊದಲು ಮೈಸೂರಿಗೆ ಬರಬೇಕು. ಎ.ಸಿ. ಹಾಲ್ ಇರುವುದು ಇಲ್ಲಿ ಅಲ್ವಾ? ಹಾಗಾಗಿ ಮಾರ್ಚ್ ಬಂತೆಂದರೆ, ಅಂದರೆ ಅನುದಾನ ಖರ್ಚಾಗದೆ ಉಳಿದಿದೆ ಎಂದು ಯಾರಿಗೋ ನೆನಪಾಯಿತೆಂದರೆ, ಒಂದು ಕಾರ್ಯಾಗಾರ ಎದ್ದು ಕೂರುತ್ತದೆ. ಬ್ಯಾನರಿನಲ್ಲಿ ಒಂದೇ ಉಸಿರಿಗೆ ಓದಲಾಗದ ಹೆಸರು: ‘ಸರ್ವರನ್ನೂ ಒಳಗೊಂಡ ಪ್ರಾದೇಶಿಕ ಆರ್ಥಿಕ ಅಭಿವೃದ್ಧಿಗಾಗಿ ಸ್ಥಳೀಯ ಸಾಮರ್ಥ್ಯ ವರ್ಧನೆ’. ಅದರ ಮೇಲೆ ಗಣ್ಯರ ಫೋಟೊ. ಬೆಲ್ಲದ ಫೋಟೊಗೆ ಜಾಗ ಸಾಲಲಿಲ್ಲ.

ಬರುವ ದಾರಿಯಾದರೂ ಸುಸೂತ್ರವೇ? ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಇದೆ, 2023ರ ಮಾರ್ಚ್‌ನಲ್ಲಿ ಪ್ರಧಾನಿಯವರೇ ಮಂಡ್ಯಕ್ಕೆ ಬಂದು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಆಟೊ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ಅಪಘಾತ ಜಾಸ್ತಿ ಆಯಿತು ಅಂತ ಮಾಡಿದ್ದು, ತಪ್ಪೆನ್ನುವುದಿಲ್ಲ. ಆದರೆ ಕಬ್ಬಿನ ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಉಳಿಯೋದೇನು ಸ್ವಾಮಿ? ಸರ್ವರನ್ನೂ ಒಳಗೊಂಡ ಅಭಿವೃದ್ಧಿಯ ಭಾಷಣ ಕೇಳಲು ಬೈಕಿನಲ್ಲಿ ಹೊರಟವನು ಸರ್ವಿಸ್ ರಸ್ತೆ ಹಿಡಿದು ಬರಬೇಕು. ಬಸ್ಸಿನಲ್ಲಿ ಬಂದ ಗಂಡಸರಿಗೆ ಟಿಕೆಟ್ ತೋರಿಸಿದರೆ ಭತ್ಯೆ. ಹೆಂಗಸರಿಗೆ ಅದೂ ಇಲ್ಲ, ‘ಶಕ್ತಿ’ ಬಸ್ ಫ್ರೀ ತಾನೆ! ಮಹಿಳೆಯರನ್ನು ಒಳಗೊಳ್ಳುವುದು ಇಷ್ಟು ಅಗ್ಗವಾಗಿದ್ದು ಇದೇ ಮೊದಲು.

ಹಾಲಿನೊಳಗೆ ಮೊದಲು ದೀಪ, ಆಮೇಲೆ ಸ್ವಾಗತ, ಆಮೇಲೆ ಸ್ವಾಗತಿಸಿದವರಿಗೆ ಸ್ವಾಗತ. ಅದು ಮುಗಿದ ಮೇಲೆ ಆಟ. ಅರವತ್ತು ದಾಟಿದ ಆಲೆಮನೆ ಯಜಮಾನರ ಕೈಗೆ ಬಲೂನು ಕೊಟ್ಟು, ಅದರ ಮೇಲೆ ನಿಮ್ಮ ಕನಸು ಬರೆಯಿರಿ ಅನ್ನುತ್ತಾರೆ. ಅವರು ಪೆನ್ನು ಒತ್ತಿದ ರಭಸಕ್ಕೆ ಕನಸು ಅಲ್ಲೇ ಢಬ್ ಅನ್ನುತ್ತದೆ. ಎಲ್ಲರೂ ಚಪ್ಪಾಳೆ.

ಇನ್ನು ಮುಖ್ಯ ಉಪನ್ಯಾಸ. ವಿಷಯ: ಗುಣಮಟ್ಟದ ಬೆಲ್ಲ ತಯಾರಿಕೆ. ಮಾತಾಡುವವರು ಟೀಗೂ ಸಕ್ಕರೆ ಹಾಕಿಸಿಕೊಳ್ಳದವರು. ಸ್ಲೈಡಿನಲ್ಲಿ ಕೊಪ್ಪರಿಗೆಯ ಚಿತ್ರ, ಉಷ್ಣಾಂಶದ ಗೆರೆ. ಕೇಳುತ್ತಾ ಕುಳಿತವರೋ, ಕುದಿಯುವ ಪಾಕವನ್ನು ಒಂದಿಷ್ಟು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡಿ, ಇಳಿಸ್ರಲಾ ಅನ್ನುವವರು. ಆ ಒಂದು ಗಳಿಗೆ ಹೆಚ್ಚುಕಮ್ಮಿ ಆದರೆ ಕೊಪ್ಪರಿಗೆ ಪೂರ್ತಿ ಹೋಯಿತು. ಮುಂಗೈ ತುಂಬ ಸುಟ್ಟ ಕಲೆ. ಅವರಿಗೆ ಈಗ ಥರ್ಮಾಮೀಟರ್ ಪರಿಚಯ.

ಉಪನ್ಯಾಸ ಕೊನೆಗೆ ಬೆಲ್ಲಕ್ಕೆ ಹಳದಿ ಬಣ್ಣ ಬರಿಸುವ ಹೈಡ್ರೋಸ್‌ಗೆ ಬಂದು ನಿಲ್ಲುತ್ತದೆ. ಬಣ್ಣಕ್ಕೆ ರಾಸಾಯನಿಕ ಹಾಕಬೇಡಿ, ನಿಮ್ಮ ಹಿರಿಯರು ಬೆಂಡೆ ಗಿಡದ ಲೋಳೆಯಲ್ಲಿ ಕಬ್ಬಿನ ಹಾಲಿನ ಮಡ್ಡಿ ತೆಗೆಯುತ್ತಿರಲಿಲ್ಲವೇ ಅಂತ. ಮಾತು ನಿಜವೇ. ಹಿಂದಿನ ಸಾಲಿನಿಂದ ಒಬ್ಬರು ಎದ್ದರು.

“ಅಲ್ಲ ಸಾ, ಹಾಕ್ಬಾರ್ದು ಅಂತ ನಮ್ಗೂ ಗೊತ್ತು. ಕಪ್ಪು ಬೆಲ್ಲ ತಗಂಡೋದ್ರೆ ಮಂಡೀಲಿ ರೇಟ್ ಇಲ್ಲ, ಹಳದಿ ಇದ್ರೆ ಎತ್ಕತಾರೆ. ಮಂಡಿಯೋರ್ಗೆ ಹೇಳ್ಕೊಟ್ರಾ ಇದ್ನೆಲ್ಲ?”

“ಬಹಳ ಒಳ್ಳೆಯ ಪ್ರಶ್ನೆ,” ಅಂದರು ಉಪನ್ಯಾಸಕರು. ಒಳ್ಳೆಯ ಪ್ರಶ್ನೆಗಳಿಗೆಂದೇ ಗೋಡೆಯ ಮೇಲೆ ಒಂದು ಚಾರ್ಟ್ ಅಂಟಿಸಿರುತ್ತಾರೆ. ಅದಕ್ಕೆ ‘ಪಾರ್ಕಿಂಗ್ ಲಾಟ್’ ಅಂತ ಹೆಸರು. ಉತ್ತರ ಇಲ್ಲದ್ದನ್ನೆಲ್ಲ ಅಲ್ಲಿ ಬರೆದು ನಿಲ್ಲಿಸುವುದು. ಹಳದಿ ಚೀಟಿಯಲ್ಲಿ ‘ಮಂಡಿ’ ಅಂತ ಬರೆದು ಅಂಟಿಸಿದರು. ಹಳದಿಗೆ ಇಲ್ಲೂ ಬೇಡಿಕೆ.

ಮಧ್ಯಾಹ್ನದ ಸರದಿ ಸಾಲ, ಸಬ್ಸಿಡಿಯದ್ದು. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಮಂಡ್ಯಕ್ಕೆ ಬಂದಿರುವುದು ಬೆಲ್ಲವೇ. ಕಿರು ಘಟಕಕ್ಕೆ ಅರ್ಧದಷ್ಟು, 15 ಲಕ್ಷದವರೆಗೆ ಸಹಾಯಧನ. ಕೇಳೋಕೆ ಬಾಯಲ್ಲಿ ನೀರೂರುತ್ತದೆ. ಆದರೆ ಸಹಾಯಧನ ಬರುವುದು ಬ್ಯಾಂಕು ಸಾಲ ಕೊಟ್ಟ ಮೇಲೆ. ಸ್ತ್ರೀಶಕ್ತಿ ಸಂಘದ ಒಬ್ಬ ಹೆಂಗಸು ಮೈಕ್ ಬೇಡ ಅಂತ ಹಾಗೇ ಕೇಳಿದಳು: “ಬ್ಯಾಂಕಲ್ಲಿ ಪಾಣಿ ತಗಂಬಾ ಅಂತಾರೆ ಮೇಡಂ. ಪಾಣಿ ನಮ್ ಮಾವನ ಹೆಸ್ರಲ್ಲದೆ. ಮಾವ ತೀರೋಗವ್ರೆ, ಪೌತಿ ಖಾತೆ ಆಗಿಲ್ಲ. ನಾನು ಯಾವ ಟ್ರೈನಿಂಗ್ ತಗಬೇಕು?” ಮೇಡಂ ತಡಮಾಡಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಇನ್ನೊಂದು ಗಾಡಿ ನಿಂತಿತು. ಜಮೀನನ್ನು ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡುವವರಾಗಲಿ ಸಾಲ ಮಂಜೂರು ಮಾಡುವವರಾಗಲಿ ಆ ಹಾಲಿನಲ್ಲಿ ಇರಲೇ ಇಲ್ಲ. ಅವರ ಸಾಮರ್ಥ್ಯ ಆಗಲೇ ವೃದ್ಧಿಯಾಗಿದೆ ಅಂತ ಕಾಣುತ್ತೆ.

ಮೈಸೂರಿಗೆ ಕಲಿಸುವವರ ಬರ ಇಲ್ಲ ಬಿಡಿ. ಆಹಾರ ತಂತ್ರಜ್ಞಾನ ಸಂಶೋಧಿಸುವ ಸಿ.ಎಫ್.ಟಿ.ಆರ್.ಐ. 1950ರಿಂದ ಇದೆ. ಗ್ರಾಮೀಣಾಭಿವೃದ್ಧಿ ಸಂಸ್ಥೆಯೊಂದು ಅಬ್ದುಲ್ ನಜೀರ್ ಸಾಬರ ಹೆಸರಿನಲ್ಲೇ ಇದೆ. ಆ ಮಹಾನುಭಾವ ಸಚಿವರಾಗಿದ್ದಾಗ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡರು, ಪಂಚಾಯಿತಿಗೆ ಅಧಿಕಾರ ಕೊಡಿಸಿದರು. ಜನರ ಕೈಗೆ ನೀರು, ಅಧಿಕಾರ ಕೊಟ್ಟರೆ ಮಿಕ್ಕಿದ್ದು ಅವರೇ ನೋಡಿಕೊಳ್ಳುತ್ತಾರೆ ಅನ್ನುವ ಧೈರ್ಯ ಇತ್ತು. ಮಂಡ್ಯದಲ್ಲೂ ಹೀಗೇ ಆಗಿತ್ತು. ಕನ್ನಂಬಾಡಿ ಕಟ್ಟಿ ನಾಲೆಯಲ್ಲಿ ನೀರು ಬಿಟ್ಟರು. ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಕೋಲ್ಮನ್ ಬೆನ್ನುಹತ್ತಿ 1933ರಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ರೈತರೂ ಷೇರುದಾರರಾದರು. ಯಾರೂ ಬಲೂನು ಊದಿದ ದಾಖಲೆ ಇಲ್ಲ. ಅದೇ ಕಾರ್ಖಾನೆ ಮೊನ್ನೆ ಮೊನ್ನೆ ಕೆಲವು ವರ್ಷ ಬಾಗಿಲು ಹಾಕಿ, 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರು ಮಾಡಿತು. ಕಾರ್ಖಾನೆ ನಿಂತಿದ್ದಾಗಲೂ ಕಾರ್ಯಾಗಾರ ನಿಂತಿರಲಿಲ್ಲ.

ಸಂಜೆ ಸರ್ಟಿಫಿಕೇಟು, ಕಿಟ್ ಬ್ಯಾಗು, ಗುಂಪು ಫೋಟೊ. ಫೋಟೊಗೆ ಮಾತ್ರ ಹೆಂಗಸರು ಮುಂದಿನ ಸಾಲಿಗೆ. ಪಾರ್ಕಿಂಗ್ ಲಾಟನ್ನು ಸುರುಳಿ ಸುತ್ತಿ ಮೂಲೆಗೆ ಒರಗಿಸಿದರು. ವರದಿಯಲ್ಲಿ ‘ಶಿಬಿರಾರ್ಥಿಗಳು ಉತ್ಸಾಹದಿಂದ ಪ್ರಶ್ನೆ ಕೇಳಿದರು’ ಅಂತ ಬರುತ್ತದೆ.

ಮುಂದಿನ ಮಾರ್ಚ್‌ಗೆ ನನ್ನದೊಂದು ಸಲಹೆ. ಕಾರ್ಯಾಗಾರವನ್ನು ಮಂಡ್ಯದ ಆಲೆಮನೆಯಲ್ಲೇ ಇಡಿ. ಉಪನ್ಯಾಸಕರು, ಬ್ಯಾಂಕ್ ಮ್ಯಾನೇಜರು, ಮಂಡಿ ಸಾಹುಕಾರರು, ಖಾತೆ ಮಾಡುವ ಸಾಹೇಬರು ಕೊಪ್ಪರಿಗೆ ಸುತ್ತ ನಿಲ್ಲಲಿ. ಪಾಕ ಬಂತೋ ಇಲ್ಲವೋ ಅವರೇ ಹೇಳಲಿ. ಸೀದುಹೋದರೆ ಆ ಬೆಲ್ಲ ಅವರೇ ಕೊಂಡುಕೊಳ್ಳಬೇಕು, ಹಳದಿ ಬೆಲ್ಲದ ರೇಟಿಗೆ. ಬಸ್ ಟಿಕೆಟ್ ತಂದವರಿಗೆ ಭತ್ಯೆ ಉಂಟು. ಕಿಟ್ ಬ್ಯಾಗ್ ಇಲ್ಲ, ಕಬ್ಬಿನ ಹಾಲು ಎಷ್ಟು ಬೇಕಾದರೂ ಕುಡಿಯಬಹುದು.