ಐದೂವರೆಯಿಂದ ಆರು ಗಂಟೆಗೆ ಹೋಗುವ ದಾರಿ

ನನ್ನ ಹೆಂಡತಿ ನರ್ಸು. ಅವಳ ಶಿಫ್ಟು ವಾರಕ್ಕೊಂದು ಥರ. ನಾನು ದಿನಾ ಲಂಡನ್ನಿಗೆ ರೈಲಿನಲ್ಲಿ ಹೋಗಿ ಬರುವವನು. ನಮ್ಮ ರೈಲು ಟೈಮಿಗೆ ಸರಿಯಾಗಿ ಬಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಇದು ನಿನ್ನೆಯದಿರಬೇಕು ಅಂತ. ಹೀಗಾಗಿ ನಮ್ಮ ಮೂರು ವರ್ಷದ ಮಗಳು ಹಗಲೆಲ್ಲಾ ಇರುವುದು ಬೀದಿಯ ಕೊನೇ ಮನೆ ಆಂಟಿಯ ಹತ್ತಿರ. ಇಂಗ್ಲೆಂಡಿನಲ್ಲಿ ಇಂಥವರಿಗೆ ಚೈಲ್ಡ್‌ಮೈಂಡರ್ ಅನ್ನುತ್ತಾರೆ. ತಮ್ಮ ಮನೆಯಲ್ಲೇ, ದುಡ್ಡು ತಗೊಂಡು, ಊರ ಮಕ್ಕಳನ್ನು ನೋಡಿಕೊಳ್ಳುವವರು.

ಮೊನ್ನೆ ಆಂಟಿಯ ಬಾಗಿಲಲ್ಲಿ ನಿಂತು ಹಲ್ಲು ಕಿರಿದೆ. "ಸಂಜೆ ಐದೂವರೆ ಬದಲು ಆರಕ್ಕೆ ಬಂದರೆ ಆಗುತ್ತಾ? ಅರ್ಧ ಗಂಟೆ ಅಷ್ಟೇ."

"ನನಗೇನೋ ಆಗುತ್ತೆ," ಅಂದರು ಆಂಟಿ. "ಆದರೆ ನಾವಿಬ್ಬರೇ ಮಾತಾಡಿಕೊಂಡರೆ ಮುಗಿಯಲ್ಲವಲ್ಲ."

ನಾನು ಹಿಂದೆ ತಿರುಗಿ ನೋಡಿದೆ. ಮೂರನೆಯವರು ಯಾರೂ ಕಾಣಲಿಲ್ಲ.

ಆ ಮೂರನೆಯವರ ಹೆಸರು ಆಫ್‌ಸ್ಟೆಡ್. 1992ರಲ್ಲಿ ಶಾಲೆಗಳ ತಪಾಸಣೆಗೆ ಅಂತ ಹುಟ್ಟಿದ ಸರ್ಕಾರಿ ಸಂಸ್ಥೆ. 2001ರಲ್ಲಿ ಚೈಲ್ಡ್‌ಮೈಂಡರುಗಳ ಉಸ್ತುವಾರಿಯೂ ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ಇವರ ಕೈಗೆ ಬಂತು. ಅಲ್ಲಿಂದಾಚೆಗೆ ಅಡುಗೆಮನೆಯಲ್ಲಿ ಬಟಾಣಿ ಬೇಯಿಸುತ್ತಾ ನಾಲ್ಕು ಮಕ್ಕಳ ಮೂಗು ಒರೆಸುವ ಹೆಂಗಸು ಕೂಡ ಹೈಸ್ಕೂಲಿನಷ್ಟೇ ಗಂಭೀರ ವಿಷಯವಾದಳು.

ಇಲ್ಲಿ ಚಿಕ್ಕ ಮಕ್ಕಳ ಪಾಲನೆಗೆ ಒಂದು ಕಡ್ಡಾಯ ನಿಯಮಾವಳಿ ಇದೆ. 2008ರಲ್ಲಿ ಬಂದದ್ದು, ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಅದರಲ್ಲಿ ವರ್ಷಗಟ್ಟಲೆ ಕಾಲು ಚಾಚಿ ಕೂತಿದ್ದ ಒಂದು ಸಾಲು ನನಗೆ ಬಹಳ ಇಷ್ಟ. ಮಕ್ಕಳನ್ನು ನೋಡಿಕೊಳ್ಳುವ ವೇಳೆ ಬದಲಾಯಿಸುವ ಯಾವುದೇ 'ಪ್ರಸ್ತಾವ' ಇದ್ದರೆ ಆಫ್‌ಸ್ಟೆಡ್‌ಗೆ ತಿಳಿಸಬೇಕು. ಆಗುವುದಾದರೆ ಮುಂಚೆಯೇ ತಿಳಿಸಬೇಕು. ಆಗದಿದ್ದರೆ ಬೇಗ, ಹೇಗೂ 14 ದಿನದೊಳಗೆ. ಸರಿಯಾದ ಕಾರಣವಿಲ್ಲದೆ ತಿಳಿಸದಿದ್ದರೆ ಅದು ಅಪರಾಧ.

ಪ್ರಸ್ತಾವ ಅನ್ನುವ ಪದ ನೋಡಿ. ವೇಳೆ ಬದಲಾಗುವ ತನಕ ಕಾಯುವ ಹಾಗಿಲ್ಲ, ಬದಲಾಯಿಸೋಣ ಅಂತ ಮನಸ್ಸಿಗೆ ಬಂದರೆ ಸಾಕು. ಹಾಗಾದರೆ ನನ್ನ ಅರ್ಧ ಗಂಟೆ ಯಾವಾಗ ಪ್ರಸ್ತಾವವಾಯಿತು? ರೈಲಿನಲ್ಲಿ ನಿಂತು, ಪಕ್ಕದವನ ಕಂಕುಳಲ್ಲಿ ಮುಖ ಇಟ್ಟುಕೊಂಡು, "ಆಂಟಿಯನ್ನು ಕೇಳಿ ನೋಡೋಣವಾ" ಅಂದುಕೊಂಡೆನಲ್ಲ, ಆಗಲಾ? ಬಾಗಿಲಲ್ಲಿ ಹಲ್ಲು ಕಿರಿದಾಗಲಾ? ಅಥವಾ ಆಂಟಿ ಒಂದು ಕ್ಷಣ ಗೋಡೆಯ ಗಡಿಯಾರ ನೋಡಿದರಲ್ಲ, ಅಲ್ಲಿಂದ 14 ದಿನ ಎಣಿಸಬೇಕಾ?

ಆಂಟಿ ಪ್ರಾಮಾಣಿಕರು. ಅವರು ನಿಜಕ್ಕೂ ಎಲ್ಲವನ್ನೂ ತಿಳಿಸಲು ಕೂತರೆ ಪತ್ರ ಹೀಗಿರಬಹುದು:

"ಮಾನ್ಯರೇ, ಸೋಮವಾರ ಒಬ್ಬ ತಂದೆ ಅರ್ಧ ಗಂಟೆ ಹೆಚ್ಚಿಗೆ ಕೇಳಿದರು. ನಾನು ಹೂಂ ಅನ್ನುವ ಯೋಚನೆಯಲ್ಲಿದ್ದೇನೆ. ಇನ್ನೂ ಅಂದಿಲ್ಲ. ಮಂಗಳವಾರ ಅವರು ಆರೂ ಹತ್ತಕ್ಕೆ ಬಂದರು. ಆ ಹತ್ತು ನಿಮಿಷ ನನ್ನ ಪ್ರಸ್ತಾವ ಅಲ್ಲ, ರೈಲಿನದು. ಬುಧವಾರ ಐದಕ್ಕೇ ಬಂದರು, ಆದರೆ ಮಗು ಶೂ ಹಾಕಿಕೊಳ್ಳಲು ಒಪ್ಪದೆ ಹೊರಟಿದ್ದು ಐದೂ ನಲವತ್ತಕ್ಕೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ? ಇತಿ ತಮ್ಮ ವಿಧೇಯಳು. ವಿ.ಸೂ.: ಇದನ್ನು ಬರೆಯುವಾಗ ಇಬ್ಬರು ಮಕ್ಕಳು ಸೋಫಾಕ್ಕೆ ಮೊಸರು ಬಳಿದಿದ್ದಾರೆ. ಅದನ್ನು ತಿಳಿಸಬೇಕಿಲ್ಲ ಅಂದುಕೊಂಡಿದ್ದೇನೆ."

ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಮನೆಯಲ್ಲಿರುವುದು ನನ್ನ ಮಗಳು. ಎಂಟು ವರ್ಷದೊಳಗಿನ ಮಕ್ಕಳು ಒಟ್ಟಿಗೆ ಆರಕ್ಕಿಂತ ಜಾಸ್ತಿ ಇರಬಾರದು ಅಂದರೆ ಸರಿ. ವರ್ಷ ತುಂಬದ ಕೂಸು ಸಾಮಾನ್ಯವಾಗಿ ಒಂದೇ ಇರಬೇಕು ಅಂದರೆ ಇನ್ನೂ ಸರಿ. ರಾತ್ರಿ ಮಲಗಿಸಿಕೊಳ್ಳುವುದಾದರೆ ಅನುಮತಿ ಬೇಕು, ಅದೂ ಒಪ್ಪಿದೆ. ಆ ಮನೆಯಲ್ಲಿ 16 ವರ್ಷ ದಾಟಿದ ಪ್ರತಿಯೊಬ್ಬರ ಹಿನ್ನೆಲೆ ನೋಡುತ್ತಾರೆ, ಅದರಿಂದ ನನಗೂ ನೆಮ್ಮದಿ. ಆಂಟಿಯ ಮಗನಿಗೆ ಮಾತ್ರ ಪಾಪ ಸ್ವಲ್ಪ ಕಷ್ಟ. ಹದಿನಾರನೇ ಹುಟ್ಟುಹಬ್ಬಕ್ಕೆ ಊರಿನ ಹುಡುಗರಿಗೆ ಕೇಕು ಸಿಗುತ್ತೆ. ಇವನಿಗೆ ಕೇಕಿನ ಜೊತೆ ಒಂದು ಅರ್ಜಿ.

ಆದರೆ ತಿಳಿಸುವ ಚಟ ಒಂದು ಸಲ ಹತ್ತಿದರೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಾಗುವುದಿಲ್ಲ. ಊಟ ಕೆಟ್ಟು ಇಬ್ಬರು ಮಕ್ಕಳಿಗೆ ಹೊಟ್ಟೆ ಕೆಟ್ಟರೆ ಆಫ್‌ಸ್ಟೆಡ್‌ಗೆ ತಿಳಿಸಬೇಕು. ಒಂದೇ ಮಗುವಿಗಾದರೆ ಈ ಸಾಲು ಅನ್ವಯಿಸುವುದಿಲ್ಲ. ಒಂಟಿ ಹೊಟ್ಟೆನೋವಿಗೆ ಇಲ್ಲಿ ಅಷ್ಟು ಬೆಲೆ ಇಲ್ಲ, ಜೊತೆ ಬೇಕು. 2015ರಿಂದ ಇನ್ನೊಂದು ಜವಾಬ್ದಾರಿಯೂ ಸೇರಿದೆ. ಮಕ್ಕಳು ಭಯೋತ್ಪಾದನೆಯ ಕಡೆ ಸೆಳೆಯಲ್ಪಡದ ಹಾಗೆ ಚೈಲ್ಡ್‌ಮೈಂಡರುಗಳೂ ಕಾನೂನು ಪ್ರಕಾರ ಕಾಳಜಿ ವಹಿಸಬೇಕು. ನಮ್ಮ ಮಗಳನ್ನು ಕಂಡರೆ ಯಾರಿಗಾದರೂ ಅನುಮಾನ ಬರಬಹುದು, ನಿಜ. ಬಾಳೆಹಣ್ಣು ಮುರಿದು ಕೊಟ್ಟರೆ ಅವಳ ಬೇಡಿಕೆಗಳು ತೀರಾ ಉಗ್ರವಾಗಿರುತ್ತವೆ.

2009ರಲ್ಲಿ ನಡೆದದ್ದು ಇನ್ನೂ ಸೊಗಸು. ಬಕಿಂಗ್‌ಹ್ಯಾಮ್‌ಶೈರಿನ ಕಡೆ ಇಬ್ಬರು ಮಹಿಳಾ ಪೊಲೀಸರು. ಒಂದೇ ಕೆಲಸವನ್ನು ಹಂಚಿಕೊಂಡು ಮಾಡುತ್ತಿದ್ದರು. ಒಬ್ಬಳು ಡ್ಯೂಟಿಗೆ ಹೋದರೆ ಇನ್ನೊಬ್ಬಳು ಇಬ್ಬರ ಮಕ್ಕಳನ್ನೂ ನೋಡಿಕೊಳ್ಳುವುದು. ದುಡ್ಡುಕಾಸಿನ ಮಾತೇ ಇಲ್ಲ. ಯಾರೋ ದೂರು ಕೊಟ್ಟರು. ಆಫ್‌ಸ್ಟೆಡ್ ಹೇಳಿದ್ದೇನು ಗೊತ್ತಾ? ನೀನು ಅವಳ ಮಗುವನ್ನು ನೋಡಿಕೊಂಡಿದ್ದಕ್ಕೆ ಪ್ರತಿಯಾಗಿ ಅವಳು ನಿನ್ನ ಮಗುವನ್ನು ನೋಡಿಕೊಳ್ಳುತ್ತಾಳೆ, ಅದೇ 'ಪ್ರತಿಫಲ'. ಹಾಗಾಗಿ ನೀವಿಬ್ಬರೂ ನೋಂದಣಿ ಇಲ್ಲದ ಚೈಲ್ಡ್‌ಮೈಂಡರುಗಳು. ಕಳ್ಳರನ್ನು ಹಿಡಿಯುವವರೇ ಮಗುವಿಗೆ ಹಾಲು ಕುಡಿಸಿ ಸಿಕ್ಕಿಬಿದ್ದರು. ಊರೆಲ್ಲಾ ನಕ್ಕು, ಪತ್ರಿಕೆಗಳು ಕೂಗಾಡಿದ ಮೇಲೆ ಸರ್ಕಾರ ಎಚ್ಚರಾಗಿ, ಗೆಳೆಯರ ನಡುವಿನ ಇಂಥ ಕೊಡು-ಕೊಳ್ಳುವಿಕೆಗೆ ವಿನಾಯಿತಿ ಕೊಡಬೇಕಾಯಿತು. ಇದೇ ಲೆಕ್ಕ ನಮ್ಮ ಕಡೆ ಹಾಕಿದ್ದರೆ ಮೈಸೂರಿನ ನಮ್ಮ ವಠಾರದ ಅಷ್ಟೂ ಹೆಂಗಸರು 1980ರ ದಶಕವನ್ನು ಜೈಲಿನಲ್ಲಿ ಕಳೆಯಬೇಕಿತ್ತು.

ಗಡಿಯಾರದ ವಿಷಯಕ್ಕೆ ವಾಪಸ್ ಬರೋಣ. ದುಡ್ಡಿಗೆ ತನ್ನ ಮನೆಯಲ್ಲೇ ಮಗು ನೋಡಿಕೊಂಡರೂ ಬೇಬಿಸಿಟರ್ ಅನ್ನುವ ಜಾತಿಗೆ ನೋಂದಣಿ ಬೇಡ, ಸಂಜೆ 6ರಿಂದ ರಾತ್ರಿ 2ರ ಒಳಗೆ ಮಾತ್ರ ನೋಡಿಕೊಂಡರೆ. ಎರಡು ಗಂಟೆಯಾದ ಮೇಲೂ ಮಗುವನ್ನು ಕರೆದೊಯ್ಯಲು ಸಿನಿಮಾದಿಂದ ಬಾರದ ಅಪ್ಪ ಅಮ್ಮ ಕಾನೂನಿನ ಕಣ್ಣಲ್ಲಿ ಆ ಹುಡುಗಿಯನ್ನು ಏನು ಮಾಡುತ್ತಿದ್ದಾರೆ ಅನ್ನುವುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಇನ್ನು, ಮಾರ್ಚ್ ಕೊನೆಯ ಭಾನುವಾರ ಈ ದೇಶ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತದೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದೆ. ಮಕ್ಕಳು ಒಪ್ಪುವುದಿಲ್ಲ. ಅವರ ಹೊಟ್ಟೆ ಹಳೇ ಟೈಮಿನಲ್ಲೇ ಅಳುತ್ತದೆ. ಇಡೀ ದೇಶದ ವೇಳೆಯನ್ನು ವರ್ಷಕ್ಕೆ ಎರಡು ಸಲ ಅಲುಗಾಡಿಸುವ ಸರ್ಕಾರ ಅರ್ಧ ಗಂಟೆಗೆ ಆಂಟಿಯ ಬಾಯಿ ನೋಡುತ್ತದೆ. ನನ್ನ ಹೆಂಡತಿಯ ಶಿಫ್ಟು ಬದಲಾದರೆ ಆಸ್ಪತ್ರೆಯವರು ಆಂಟಿಗೆ ತಿಳಿಸಬೇಕಿಲ್ಲ. ರೈಲು ನಿಂತರೆ ರೈಲಿನವರೂ ತಿಳಿಸಬೇಕಿಲ್ಲ. ಎಲ್ಲರ ಎಡವಟ್ಟೂ ಉರುಳಿ ಬಂದು ನಿಲ್ಲುವುದು ಆಂಟಿಯ ಬಾಗಿಲಲ್ಲಿ. ತಿಳಿಸುವ ಕರ್ತವ್ಯ ಇರುವುದು ಅವರೊಬ್ಬರಿಗೇ. ಇಂಗ್ಲೆಂಡಿನಲ್ಲಿ 2015ರ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಚೈಲ್ಡ್‌ಮೈಂಡರುಗಳಿದ್ದರು. 2024ರಲ್ಲಿ 30 ಸಾವಿರವೂ ಇಲ್ಲ. ಕಾರಣ ನೂರೆಂಟು, ಕಡಿಮೆ ಸಂಪಾದನೆ ಅದರಲ್ಲಿ ದೊಡ್ಡದು. ಅಂದಹಾಗೆ, ಕೆಲಸ ಬಿಡುವುದನ್ನೂ ತಿಳಿಸಬೇಕು.

ಇದಕ್ಕೆಲ್ಲ ನನ್ನ ಅಮ್ಮನ ಹತ್ತಿರ ಒಂದೇ ಪರಿಹಾರ. ನಿನ್ನೆ ಸಂಜೆ ರೈಲು ಮತ್ತೆ ನಡುದಾರಿಯಲ್ಲಿ ನಿಂತಿತ್ತು. ಮೈಸೂರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಹತ್ತು ದಾಟಿತ್ತು.

"ನಾನೇ ಬರ್ತೀನಿ ಕಣೋ. ಆರು ತಿಂಗಳು ಇದ್ದು ಮಗೂನ ನೋಡ್ಕೋತೀನಿ."

"ಬಾಮ್ಮಾ. ಆದರೆ ವೀಸಾದವರು ಕೇಳಿದರೆ ಮೊಮ್ಮಗಳನ್ನು ನೋಡೋಕೆ ಬಂದೆ ಅನ್ನು. ನೋಡಿಕೊಳ್ಳೋಕೆ ಅಂದುಬಿಟ್ಟರೆ ನೂರು ಪ್ರಶ್ನೆ." ಸುಮ್ನೆ ಹೇಳಿದ್ದಲ್ಲ. ನೆಂಟರು ಸ್ವಲ್ಪ ದಿನಕ್ಕೆ ಬಂದು ಮಗು ನೋಡಿಕೊಂಡರೆ ಪರವಾಗಿಲ್ಲ, ಆದರೆ ಅದು ಚೈಲ್ಡ್‌ಮೈಂಡರ್ ಕೆಲಸ ಆಗಬಾರದು ಅಂತ ಇಲ್ಲಿಯ ವೀಸಾ ಅಧಿಕಾರಿಗಳ ಕೈಪಿಡಿಯಲ್ಲೇ ಇದೆ.

"ನೋಡೋಕೂ ನೋಡ್ಕೊಳ್ಳೋಕೂ ಏನೋ ವ್ಯತ್ಯಾಸ?"

"ವ್ಯತ್ಯಾಸ ಇದೆಯಮ್ಮಾ."

"ಏನು, ಅಜ್ಜಿ ಕೂತು ಬರೀ ನೋಡ್ತಾ ಇರಬೇಕಾ? ಮಗು ಬಿದ್ದರೂ?"

ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಆಂಟಿಯ ಮೆಸೇಜು ಬಂತು. "ನಿಮ್ಮ ರೈಲು ನಿಂತಿದೆ ಅಂತ ನೋಡಿದೆ. ಟೋಸ್ಟ್ ಮೇಲೆ ಬೀನ್ಸ್ ಹಾಕಿ ತಿನ್ನಿಸಿದ್ದೇನೆ. ಆತುರ ಬೇಡ, ನಿಧಾನ ಬನ್ನಿ."

ಗಡಿಯಾರ ನೋಡಿದೆ. ಐದೂ ಐವತ್ತೆರಡು. ಇನ್ನು ಹದಿನಾಲ್ಕು ದಿನ ಇದೆ.