ಷಡ್ಡಕರ ನೈಸು

ನಮ್ಮ ಹಾಲ್‌ನ ಸೀಲಿಂಗ್ ಸೋರುತ್ತಿದೆ. ಮೇಲಿನ ಮನೆಯ ಬಾತ್‌ರೂಮಿನ ಕೃಪೆ. ಮೂರು ತಿಂಗಳಿಂದ ಪ್ಲಂಬರ್ "ನಾಳೆ ಸಾರ್" ಅನ್ನುತ್ತಿದ್ದಾನೆ, ಕಲೆ ವಾರಕ್ಕೊಂದು ತಾಲ್ಲೂಕಿನಷ್ಟು ಹರಡುತ್ತಿದೆ. ಕಳೆದ ಭಾನುವಾರ ಊಟಕ್ಕೆ ಬಂದ ನಮ್ಮ ಷಡ್ಡಕರು ಸೋಫಾಗೆ ಒರಗಿ, ಕತ್ತೆತ್ತಿ ಅದನ್ನೇ ನೋಡಿದರು. ಒಂದು "ಅಯ್ಯೋ ಪಾಪ" ಬರುತ್ತದೆ ಅಂತ ಕಾದೆ.

"ನೈಸ್!" ಅಂದರು. ಆಮೇಲೆ, "ಕರ್ನಾಟಕದ ಮ್ಯಾಪ್ ಥರಾನೇ ಇದೆ ಕಣ್ರೀ. ಬೀದರ್ ಒಂದು ಬರಬೇಕು, ಅಷ್ಟೇ."

ನಮ್ಮ ಷಡ್ಡಕರ ಹತ್ತಿರ ಇರುವುದು ಒಂದೇ ಗುಣವಾಚಕ. ಕಾಲಿಂಗ್ ಬೆಲ್ ಒತ್ತಿದಾಗಿನಿಂದ ಚಪ್ಪಲಿ ಹಾಕಿಕೊಂಡು ಹೊರಡುವ ತನಕ ಅದರಲ್ಲೇ ಜೀವನ. ನೈಸ್ ರೋಡ್ ಮೇಲೆ ಬಂದೆವು, ನೈಸಾಗಿತ್ತು. ಬೆಲ್ ಸೌಂಡ್ ನೈಸ್. ಮಗಳ ಮುರಿದ ಹಲ್ಲು ನೈಸ್. ಅವತ್ತು ನಾನು ಬೆಳಿಗ್ಗೆ ಎದ್ದು ಬ್ಯಾಡಗಿ ಮೆಣಸಿನಕಾಯಿ, ಮರಾಠಿ ಮೊಗ್ಗು ಎಲ್ಲ ಹುರಿದು, ಪುಡಿ ಮಾಡಿ, ಎರಡು ಗಂಟೆ ಒಲೆ ಮುಂದೆ ನಿಂತು ಬಿಸಿಬೇಳೆ ಬಾತ್ ಮಾಡಿದ್ದೆ. ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. "ನೈ...ಸ್." ಸರಿ, ಖುಷಿಯಾಯಿತು. ಪಕ್ಕದ ಲೋಟ ಎತ್ತಿ ನೀರು ಕುಡಿದರು. "ನೈ...ಸ್." ಅದೇ ರಾಗ, ಅದೇ ಎಳೆತ. ಎರಡು ಗಂಟೆಯ ಬಾತಿಗೂ ನಲ್ಲಿ ನೀರಿಗೂ ಒಂದೇ ಮಾರ್ಕ್ಸು!

ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಡಿಕ್ಷನರಿ ತೆಗೆದೆ. ಈ ಪದಕ್ಕೆ ಏನಾದರೂ ಒಂದು ಕಳಂಕ ಇರಲೇಬೇಕು ಅಂತ ಮನಸ್ಸು ಹೇಳುತ್ತಿತ್ತು.

ಇತ್ತು! ನೈಸ್‌ನ ಮೂಲ ಲ್ಯಾಟಿನ್‌ನ ನೆಸ್ಕಿಯಸ್. ಅಂದರೆ ಏನೂ ಗೊತ್ತಿಲ್ಲದವನು. ಫ್ರೆಂಚರ ಕೈ ದಾಟಿ ಸುಮಾರು 700 ವರ್ಷದ ಹಿಂದೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಪೆದ್ದ. ಸೈನ್ಸ್ ಅದರ ದಾಯಾದಿ. ಒಂದೇ ಬೇರು, ಅದು ಗೊತ್ತಿರುವ ಕಡೆ, ಇದು ಗೊತ್ತಿಲ್ಲದ ಕಡೆ. ಆಮೇಲೆ ಪೆದ್ದನಿಂದ ತಕರಾರಿನವನು, ಅಲ್ಲಿಂದ ನಾಜೂಕು, ನವಿರು ಅಂತೆಲ್ಲ ತಿರುಗಿ, 18ನೇ ಶತಮಾನದ ಹೊತ್ತಿಗೆ "ಚೆನ್ನಾಗಿದೆ" ಆಯಿತು. ನಮ್ಮ ಅಮ್ಮ "ಹಿಟ್ಟು ನೈಸಾಗಿ ರುಬ್ಬು" ಅನ್ನುವುದು ಆ ನಡುವಿನ ಅರ್ಥಕ್ಕೇ ಹತ್ತಿರ. "ನೈಸ್ ಮಾಡಿ ಕೆಲಸ ಸಾಧಿಸಿಕೊಂಡ" ಅನ್ನುವುದು ಮಾತ್ರ ಪೂರ್ತಿ ನಮ್ಮದೇ ಮಾಲು.

ಹೊಟ್ಟೆ ತಣ್ಣಗಾಯಿತು. ಪುಟ ತಿರುಗಿಸುತ್ತಾ ಹೋದೆ. ಸಿಲ್ಲಿ ಅಂದರೆ ಮೊದಲು ಪುಣ್ಯವಂತ, ದೇವರ ದಯೆ ಇರುವವನು. ಅಂದರೆ ನೈಸ್ ಮೇಲಕ್ಕೆ ಬರುವಾಗ ಸಿಲ್ಲಿ ಕೆಳಗಿಳಿಯುತ್ತಿತ್ತು, ಘಾಟಿಯಲ್ಲಿ ಎದುರುಬದುರಾದ ಬಸ್ಸುಗಳ ಹಾಗೆ. ನಾಟಿ ಅಂದರೆ ಕೈಯಲ್ಲಿ ಏನೂ ಇಲ್ಲದವನು. ಆ ಲೆಕ್ಕದಲ್ಲಿ ತಿಂಗಳ 25ರ ಮೇಲೆ ನಾನೂ ನಾಟಿಯೇ. ಎಲ್ಲಕ್ಕಿಂತ ಹಿಡಿಸಿದ್ದು ಸ್ಯಾಡ್. ಸಾವಿರ ವರ್ಷದ ಹಿಂದೆ ಅದರ ಅರ್ಥ ಹೊಟ್ಟೆ ತುಂಬಿದೆ ಅಂತ! ತುಂಬಿದ್ದು ಸಾಕಾಗಿ, ಸಾಕಾಗಿದ್ದು ಭಾರವಾಗಿ, ಭಾರ ಕೊನೆಗೆ ದುಃಖವಾಯಿತು. ಮದುವೆ ಊಟ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಗಬೇಡಿ, ನಮ್ಮದೂ ಇದೇ ಕಥೆ. ಟೆರಿಫಿಕ್‌ನ ಹೊಟ್ಟೆಯಲ್ಲಿ ಭಯ ಇದ್ದರೆ, ನಾವು "ಭಯಂಕರ ರುಚಿ" ಅಂತ ಇನ್ನೊಂದು ಸೌಟು ಬಡಿಸಿಕೊಳ್ಳುತ್ತೇವೆ. ಸಖತ್ ಅಂದರೆ ಪಾರ್ಸಿಯಲ್ಲಿ ಗಟ್ಟಿ, ಕಠಿಣ. ಮಸ್ತ್ ಅಂದರೆ ಅಮಲೇರಿದವನು. ಇನ್ನು ಮುಗ್ಧ ಅಂತ ಮಕ್ಕಳನ್ನು ಮುದ್ದು ಮಾಡುತ್ತೇವಲ್ಲ, ಸಂಸ್ಕೃತದಲ್ಲಿ ಅದಕ್ಕೆ ಪೆದ್ದ ಅಂತಲೂ ಅರ್ಥವಿದೆ.

ನಮ್ಮ ಅಪ್ಪನಿಗೆ ಇಷ್ಟೆಲ್ಲ ಪದ ಬೇಕಿರಲಿಲ್ಲ. ಅವರ ಹತ್ತಿರವೂ ಒಂದೇ ಇತ್ತು: "ಪರವಾಗಿಲ್ಲ." ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿಗೂ ಪರವಾಗಿಲ್ಲ, ನನ್ನ ಮೊದಲ ಸಂಬಳಕ್ಕೂ ಪರವಾಗಿಲ್ಲ. ಪರವಾ ಅಂದರೆ ಚಿಂತೆ. ಚಿಂತೆಯಿಲ್ಲ ಅನ್ನುವುದೇ ಆ ಮನುಷ್ಯನ ಚಿನ್ನದ ಪದಕ. ಕೊನೆಯ ವಾರ ಆಸ್ಪತ್ರೆಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದಿದ್ದೆ. ಎರಡು ಗುಟುಕು ಕುಡಿದು, "ಕಾಫಿ ಚೆನ್ನಾಗಿದೆ ಕಣೋ" ಅಂದರು. ನನಗೆ ಕೈಕಾಲೇ ಆಡಲಿಲ್ಲ. ಡಾಕ್ಟರ್ ಹೇಳುವ ಮುಂಚೆಯೇ ನನಗೆ ಗೊತ್ತಾಗಿಹೋಗಿತ್ತು.

ಇರಲಿ. ನಾನು ಮಾಡಿದ ತಪ್ಪು ಅಂದರೆ ಈ ಜ್ಞಾನವನ್ನೆಲ್ಲ ನಾಲ್ಕನೇ ಕ್ಲಾಸಿನ ಮಗಳಿಗೆ ಹಂಚಿದ್ದು.

ನಿನ್ನೆ ಷಡ್ಡಕರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಕ್ತಿಯಲ್ಲಿ ಅವಳ ದೊಡ್ಡಮ್ಮ ಮೂರನೇ ಹೋಳಿಗೆ ಹಿಡಿದು ನಿಂತರು. ಇವಳು ಎಲೆಗೆ ಎರಡೂ ಕೈ ಅಡ್ಡ ಹಿಡಿದು, "ಬೇಡ ದೊಡ್ಡಮ್ಮ, ಐ ಆಮ್ ವೆರಿ ಸ್ಯಾಡ್" ಅಂದಳು. ಹೋಳಿಗೆ ಗಾಳಿಯಲ್ಲೇ ನಿಂತಿತು. "ಯಾಕೆ ಪುಟ್ಟಾ? ಯಾರು ಏನಂದ್ರು? ಅಪ್ಪ ಬೈದ್ರಾ?" ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಪುರೋಹಿತರು ಸಾರು ಸುರಿಯುವುದನ್ನು ನಿಲ್ಲಿಸಿದರು. ಎಡಗಡೆ ಕೂತಿದ್ದ ಹೆಂಡತಿ ಎಡಗೈಯಿಂದಲೇ ಚಿವುಟಿದಳು. "ಅದು ಹಳೇ ಇಂಗ್ಲಿಷು, ಹೊಟ್ಟೆ ತುಂಬಿದೆ ಅಂತ ಅರ್ಥ" ಅಂದೆ. ಹೊಟ್ಟೆ ತುಂಬಿದವನ ಸುಳ್ಳಿನ ಹಾಗೇ ಕೇಳಿಸಿತು.

ಅಷ್ಟಕ್ಕೆ ನಿಂತಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊರಡುವಾಗ ಅವಳು ದೊಡ್ಡಪ್ಪನ ಮುಂದೆ ನಿಂತು, ನನ್ನ ಕಡೆ ಕಳ್ಳನೋಟ ಬೀರಿ, "ದೊಡ್ಡಪ್ಪಾ, ಯು ಆರ್ ಸೋ ನೈಸ್" ಅಂತ ಕಿಸಕ್ಕನೆ ನಕ್ಕಳು. ನನ್ನ ಎದೆ ಧಸಕ್ ಅಂದಿತು. ಷಡ್ಡಕರ ಕಣ್ಣಲ್ಲಿ ನೀರು. ಊರಿಗೆಲ್ಲ ನೈಸ್ ಹಂಚಿದ ಮನುಷ್ಯನಿಗೆ ತಿರುಗಿ ಯಾರೂ ಒಂದು ಕೊಟ್ಟಿರಲಿಲ್ಲವೇನೋ. ಜೇಬಿನಿಂದ 500ರ ನೋಟು ತೆಗೆದು ಅವಳ ಕೈಯಲ್ಲಿಟ್ಟು, ತಲೆ ಸವರಿದರು. ನನ್ನ ಕಡೆ ತಿರುಗಿ, "ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ" ಅಂದರು. ಚೆನ್ನಾಗಿ! ಆ ಪದ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಎಲ್ಲಿ ನೋಡಬೇಕೋ ಗೊತ್ತಾಗದೆ ಚಪ್ಪಲಿ ಹುಡುಕಿದೆ.

ಕಾರಿನಲ್ಲಿ ಹೆಂಡತಿ ಮಾತಾಡಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ನೋಟನ್ನು ಬೀದಿದೀಪದ ಬೆಳಕಿಗೆ ಹಿಡಿದು ಗಾಂಧೀಜಿಯನ್ನು ನೋಡುತ್ತಿದ್ದಳು. "ಅಪ್ಪಾ, ದೊಡ್ಡಪ್ಪಂಗೆ ಹೇಳೋಕೆ ಇನ್ನೂ ಯಾವ್ದಾದ್ರೂ ಪದ ಇದ್ಯಾ?"

ಮನೆಗೆ ಬಂದು ಹಾಲ್‌ನ ಲೈಟ್ ಹಾಕಿದೆ. ಬೀದರ್ ಬಂದಿತ್ತು.